ಕೇಳದೆ ಬಂದ ಪ್ರಶ್ನೆ

ಊರಿನಲ್ಲಿ ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಕೋಸು ಬೆಳೆಯುವವಳು. ಮಂಡಿಯಲ್ಲಿ ತೂಕ ಹಾಕುವವನ ಕೈ ಕೊಂಚ ಜಾರಿದರೂ ಇಡೀ ಅಂಗಳ ತಿರುಗಿ ನೋಡುವಂತೆ ಗದರುತ್ತಿದ್ದಳು. ಹಾಗಾಗಿ, ಕಾಲುವೆ ನೀರಿನ ಹೊಸ ನೀತಿ ಏನೆಂದು ತಿಳಿದು ಬರಲು ರೈತರ ತಂಡವೊಂದು ಕೃಷಿ ಇಲಾಖೆಯ ದೊಡ್ಡ ಕಚೇರಿಗೆ ಹೊರಟಾಗ, ಹೆಂಗಸರ ಪರವಾಗಿ ಅವಳೇ ಹೋಗಲಿ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು.

ಬಸ್ಸಿನವರೆಗೂ ಓರಗಿತ್ತಿ ಜೊತೆಗೆ ಬಂದಳು. ಮೈದುನನ ಹೆಂಡತಿ, ಮಾತು ಕಡಿಮೆ. ಸ್ವಂತ ನೆಲವಿಲ್ಲದೆ, ಪೇಟೆಯವರ ಹೊಲವೊಂದನ್ನು ಗುತ್ತಿಗೆಗೆ ಮಾಡುತ್ತಿದ್ದಳು. ಮೆಣಸಿನ ಸಸಿ ಬೆಳೆಸಿಕೊಂಡು ನಾಟಿಗೆ ಕಾಯುತ್ತಿದ್ದಳು.

“ಅಕ್ಕಾ, ಒಂದೇ ಒಂದು ವಿಷಯ ಕೇಳು. ಹೊಲ ನಮ್ಮ ಹೆಸರಲ್ಲಿ ಇಲ್ದಿದ್ರೂ ನೀರಿನ ಸರದಿ ಕೊಡ್ತಾರಾ ಅಂತ.”

“ಅಷ್ಟೇನಾ? ಅವರ ಬಾಯಿ ಬಿಡಿಸ್ಕೊಂಡೇ ಬರ್ತೀನಿ, ಹೋಗು.”

ಸಭಾಂಗಣ ತಣ್ಣಗಿತ್ತು. ಕುರ್ಚಿಗಳಿಗೆಲ್ಲ ಬಿಳಿ ಗೌಸು. ಒರಗಿದರೆ ಕೊಳೆಯಾದೀತೆಂದು ಅವಳು ತುದಿಯಲ್ಲೇ ಕೂತಳು. ಅಧಿಕಾರಿ ಪರದೆಯ ಮೇಲೆ ನಕ್ಷೆ ತೋರಿಸಿ, ಬಹಳ ಹೊತ್ತು ಮಾತಾಡಿ, “ಏನಾದ್ರೂ ಕೇಳೋದಿದೆಯಾ?” ಎಂದರು. ಮುಂದಿನ ಸಾಲಿನ ಮುದುಕನೊಬ್ಬ ಎದ್ದ.

“ಸ್ವಾಮಿ, ನೀರು ಬಿಡೋದು ಯಾವಾಗ ಅಂತ ಹೇಳ್ಲೇ ಇಲ್ಲ?”

“ಇಷ್ಟೊತ್ತು ಅದನ್ನೇ ತಾನೇ ಹೇಳಿದ್ದು, ಅಜ್ಜಾ! ನಿದ್ದೆ ಚೆನ್ನಾಗಿ ಬಂತಾ?”

ಸಭೆ ಗೊಳ್ಳೆಂದು ನಕ್ಕಿತು. ಅರ್ಧ ಎದ್ದಿದ್ದ ಗಟ್ಟಿಗಿತ್ತಿಯ ಕೈ ಹಾಗೇ ತಲೆಗೆ ಹೋಗಿ, ಕೂದಲು ಸರಿಮಾಡಿಕೊಂಡು ಮಡಿಲಿಗಿಳಿಯಿತು. ಆಮೇಲೆ ಕೇಳಿದರಾಯಿತು ಅಂದುಕೊಂಡಳು. ಊಟದ ಹೊತ್ತಿಗೆ ಅಧಿಕಾರಿ ಕಾರು ಹತ್ತಿ ಹೋಗಿಯಾಗಿತ್ತು.

ಊರಲ್ಲಿ ಬಸ್ಸಿಳಿಯುವಾಗ, ಸುದ್ದಿ ಕೇಳಲು ನೆರೆದ ಹೆಂಗಸರ ನಡುವೆ ಓರಗಿತ್ತಿಯೂ ಕಾದು ನಿಂತಿದ್ದಳು. “ಏನಂದ್ರು ಅಕ್ಕಾ?”

ಕೇಳಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಆ ಮಾತಿಗೆ ನಾಲಿಗೆ ಏಳಲಿಲ್ಲ.

“ಕೇಳ್ದೆ ಕಣೇ. ಹೊಲದ ಯಜಮಾನ್ರಿಗೆ ಮಾತ್ರವಂತೆ.”

“ಹೌದಾ,” ಎಂದಳು ಓರಗಿತ್ತಿ. ಆ ವಾರವೇ ಹೊಲ ಬಿಟ್ಟುಕೊಟ್ಟು, ತರಕಾರಿ ವಿಂಗಡಿಸುವ ಶೆಡ್ಡಿನಲ್ಲಿ ಕೂಲಿಗೆ ಸೇರಿದಳು. ಸಸಿಗಳನ್ನು ಬೇಕೆಂದವರಿಗೆಲ್ಲ ಹಂಚಿದಳು. “ನೀನೂ ಬದುವಿಗೆ ಹಾಕ್ಕೋ,” ಎಂದು ಅಕ್ಕನಿಗೂ ಒಂದು ಹಿಡಿ ಕೊಟ್ಟಳು. ಅವು ನಳನಳಿಸಿ ಬೆಳೆದವು. ನೀರು ಹಾಯಿಸುವಾಗ ಗಟ್ಟಿಗಿತ್ತಿ ಆ ಬದುವಿನ ಕಡೆ ಮುಖ ಹಾಕುತ್ತಿರಲಿಲ್ಲ.

ನೀರು ಬಿಟ್ಟ ಮೇಲೆ ಕಾಲುವೆ ನೋಡಲು ಬಂದ ಇಲಾಖೆಯವನು ತೂಬಿನ ಬಳಿ ನಿಂತು ಅವಳನ್ನು ಕೇಳಿದ: “ಈ ಕಡೆ ಗುತ್ತಿಗೆಯವರು ಯಾರೂ ಇಲ್ವಾ? ಅವರಿಗೂ ಸರದಿ ಇತ್ತಲ್ಲಮ್ಮಾ, ಮೊದಲೇ ಬಂದು ಹೇಳಿದ್ರೆ ಸಾಕಿತ್ತು. ಈ ಬೆಳೆಗೆ ಇನ್ನಾಗಲ್ಲ.”

ಅವತ್ತು ರಾತ್ರಿ ಅವಳು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು, “ಸುಮ್ನಿದ್ದುಬಿಡು, ಯಾರಿಗೆ ಗೊತ್ತಾಗುತ್ತೆ?” ಎಂದ. ಅವಳಿಗೆ ಅಸಹ್ಯವಾಯಿತು. ಮಧ್ಯಾಹ್ನದಿಂದ ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಮರುದಿನ ಶೆಡ್ಡಿಗೆ ಹೋದಳು. ಓರಗಿತ್ತಿ ಕೊಳೆತ ಟೊಮೆಟೊ ಆರಿಸಿ ಬೇರೆ ಬುಟ್ಟಿಗೆ ಹಾಕುತ್ತಿದ್ದಳು.

“ನಾನು ಅವತ್ತು ಕೇಳ್ಲೇ ಇಲ್ಲ ಕಣೇ. ನಗ್ತಾರೆ ಅಂತ ಹೆದರ್ಕೊಂಡೆ. ನಿನಗೂ ನೀರು ಸಿಗ್ತಿತ್ತಂತೆ.”

ಓರಗಿತ್ತಿಯ ಕೈ ನಿಲ್ಲಲಿಲ್ಲ. ಟೊಮೆಟೊ ಆರಿಸುತ್ತಲೇ ಹೇಳಿದಳು: “ಕೇಳ್ಲಿಲ್ಲ ಅಂದಿದ್ರೆ ನಾನೇ ಹೋಗಿ ಕೇಳ್ತಿದ್ದೆ ಅಕ್ಕಾ.”

“ನನ್ನ ಹೊಲದಲ್ಲೇ ಅರ್ಧ ಮಾಡ್ಕೋ. ನೀರು ಹೇಗೂ ಇದೆ.”

“ಬೇಡ. ನಿನ್ನ ಮನಸ್ಸು ಹಗುರ ಮಾಡೋಕೆ ನಾನ್ಯಾಕೆ ಬೆಳೆ ತೆಗೀಲಿ?”

ಬೈದಿದ್ದರೆ ಗಟ್ಟಿಗಿತ್ತಿ ತಡೆದುಕೊಳ್ಳುತ್ತಿದ್ದಳು. ಆದರೂ, “ಕಚೇರಿಗಾದ್ರೂ ಬಾ, ಜೊತೆಗೆ ಹೋಗೋಣ,” ಎಂದು ಬೇಡಿಕೊಂಡಳು. ಇಬ್ಬರೂ ಹೋದರು. ಕಿಟಕಿಯ ಮುಂದೆ ನಿಂತು ಓರಗಿತ್ತಿಯೇ ಮೆಲುದನಿಯಲ್ಲಿ, ಒಂದೊಂದಾಗಿ ಎಲ್ಲ ಕೇಳಿದಳು. ಯಾರೂ ನಗಲಿಲ್ಲ. ಮುಂದಿನ ಬೆಳೆಗೆ ಸರದಿ ಸಿಗುವುದೆಂದು ಖಚಿತವಾಯಿತು. ಬಿಟ್ಟ ಹೊಲ ಮಾತ್ರ ಬೇರೆಯವರ ಪಾಲಾಗಿತ್ತು. ಅವಳು ಊರಾಚೆ, ಕಲ್ಲು ಹೆಚ್ಚಿರುವ ಇನ್ನೊಂದನ್ನು ಹಿಡಿದಳು.

ನಾಟಿಯ ದಿನ ಗಟ್ಟಿಗಿತ್ತಿ ಕರೆಯದೆಯೇ ಹೋಗಿ ಹೊಲಕ್ಕಿಳಿದಳು. ಓರಗಿತ್ತಿ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಬಿಸಿಲೇರಿದ ಮೇಲೆ ಒಮ್ಮೆ ತಿರುಗಿ ನೋಡಿ, “ಸಾಲು ಸೊಟ್ಟಗಾಗ್ತಿದೆ,” ಎಂದಳು. ಗಟ್ಟಿಗಿತ್ತಿ ಆ ಸಾಲಿನ ಸಸಿಗಳನ್ನೆಲ್ಲ ಬೇರು ಹರಿಯದಂತೆ ಎತ್ತಿ, ಮೊದಲಿನಿಂದ ನೆಡತೊಡಗಿದಳು.