ಹೊಳೆಯನ್ನೇ ಕೇಳಿ

ಹಾಲು ಸೀದ ವಾಸನೆ ಇನ್ನೂ ಅಡುಗೆಮನೆಯಿಂದ ಹೋಗಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಬಸ್ಸೊಂದು ನನ್ನ ಸೆರಗನ್ನು ಸವರಿಕೊಂಡೇ ಹೋಯಿತು. ಆಗ ನನಗೇನೂ ಆಗಲಿಲ್ಲ. ಬದನೆಕಾಯಿಗೆ ಚೌಕಾಸಿಯನ್ನೂ ಮಾಡಿ ಮನೆಗೆ ಬಂದೆ. ಹಾಲು ಒಲೆಗಿಟ್ಟ ಮೇಲೆ ಕೈ ನಡುಗಲು ಶುರುವಾಯಿತು ನೋಡಿ, ಇಕ್ಕಳ ಹಿಡಿಯಲೂ ಆಗಲಿಲ್ಲ. ಈ ಹಾಳು ದೇಹದ್ದು ಯಾವಾಗಲೂ ಇದೇ ಗೋಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುತ್ತದೆ.

ಅಕ್ಕನಿಗೂ ಹೀಗೇ ಆಗಿತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಹರಿಹರಕ್ಕೆ ಕೊಟ್ಟಿದ್ದ ಅಕ್ಕ ಎಳೆಗೂಸಿನ ಜೊತೆ ಹೊಳೆ ದಾಟುವಾಗ ಹರಿಗೋಲು ನಡುನೀರಿನಲ್ಲಿ ಗಿರಗಿರ ತಿರುಗಿ ಒಳಗೆ ನೀರು ತುಂಬತೊಡಗಿತು. ಉಳಿದವರು ದೇವರನ್ನು ಕೂಗುತ್ತಿದ್ದರೆ ಅಕ್ಕ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ತಂಬಿಗೆ ಹಿಡಿದು ನೀರು ಮೊಗೆದು ಚೆಲ್ಲಿದಳಂತೆ. ದಡಕ್ಕೆ ಬಂದು ಸೀರೆ ಹಿಂಡಿಕೊಂಡು, ಅಂಬಿಗನಿಗೆ ನಾಲ್ಕು ಬೈದು, ಮನೆಗೆ ಹೋಗಿ ರೊಟ್ಟಿಯನ್ನೂ ಬಡಿದಳು. ಸಂಜೆಗೆ ಕೈ ನಡುಗಿತು. ಎದೆಹಾಲು ನಿಂತೇಹೋಯಿತು.

ದಾವಣಗೆರೆಯ ಮಂಡಿಪೇಟೆಯಿಂದ ನಾನು ನೆರವಿಗೆ ಓಡಿದೆ. ಒಳಲೆಯಲ್ಲಿ ಹಸುವಿನ ಹಾಲು ಹಾಕಿದರೆ ಕೂಸು ಉಗುಳುತ್ತಿತ್ತು. ಅಳಲೂ ತ್ರಾಣವಿಲ್ಲದೆ ಬಾಡುತ್ತಿತ್ತು. ಅದನ್ನು ನೋಡೋಣವೆಂದರೆ ಮಾತಾಡಿಸಿ ಹೋಗುವವರ ಸಾಲು! ನಮ್ಮ ಕಡೆ ಕಷ್ಟಕ್ಕೆ ಸಿಕ್ಕವರನ್ನು ಮಾತಾಡಿಸದಿದ್ದರೆ ಮಹಾಪರಾಧ. ಬಂದವರಿಗೆಲ್ಲ ಅಕ್ಕನ ಅತ್ತೆ ಚಹಾ ಕೊಟ್ಟು, “ಹೇಳವ್ವ, ಹೆಂಗಾತಂತ ಹೇಳು,” ಎನ್ನುವರು. ಅಕ್ಕ ಹೇಳುವಳು. ನೀರು ಒಳಗೆ ನುಗ್ಗಿದಲ್ಲಿಗೆ ಕಥೆ ಬಂತೋ, ಬಾಯಿ ಒಣಗಿ ಮತ್ತೆ ನಡುಕ. “ಗಾಳಿ ಸೋಕೈತೆ, ಉಕ್ಕಡಗಾತ್ರಿಗೆ ಕರ್ಕೊಂಡು ಹೋಗ್ರಿ,” ಎಂದು ಬುದ್ಧಿ ಹೇಳಿ ಅವರು ಎದ್ದು ಹೋಗುವರು. ಗಾಳಿ ಬಿಡಿಸುವ ಆ ಉಕ್ಕಡಗಾತ್ರಿಯ ಗುಡಿಯೂ ಅದೇ ಹೊಳೆಯ ದಂಡೆಯಲ್ಲಿದೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆಯುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಕುಕ್ಕುವಾಡದ ಚಿಕ್ಕಮ್ಮ ಬಂದರು. ಕಾಲು ಚಾಚಿ ಕೂತು, “ನಂಗ ಮೊದ್ಲಿಂದ ಹೇಳವ್ವ, ಏನೂ ಬಿಡಬ್ಯಾಡ,” ಎಂದರು.

ಅಕ್ಕ ಎದ್ದು ನಿಂತಳು. “ಹೊಳೆ ಅಲ್ಲೇ ಐತೆ, ಹೋಗಿ ಅದನ್ನ ಕೇಳ್ರಿ!”

ಕೋಣೆಯ ಬಾಗಿಲು ಹಾಕಿಕೊಂಡು ಗೊಳೋ ಎಂದು ಅತ್ತಳು. ಹೊಳೆಯಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅಂದು ಅತ್ತಳು. ಮರ್ಯಾದೆ ಹೋಯಿತೆಂದು ಅವಳ ಅತ್ತೆ ಹಣೆ ಚಚ್ಚಿಕೊಳ್ಳುತ್ತಿರುವಾಗಲೇ ಒಳಗಿನಿಂದ ನನಗೆ ಕೂಗು ಬಂತು: “ಕೂಸು ತಾರೇ, ಕುಪ್ಪಸ ತೊಯ್ದೈತೆ.”

ಈಗಷ್ಟೇ ನಮ್ಮ ಬಾಗಿಲನ್ನೂ ಬಡಿದರು. ಪಕ್ಕದ ಮನೆಯವರು. ಬೆಳಗಿನಿಂದ ಬೀದಿಯವರೆಲ್ಲ ಬಂದು ಕೇಳಿ ಹೋಗಿ, ಇವರೊಬ್ಬರು ಉಳಿದಿದ್ದರು. “ಹೆಂಗಾತ್ರಿ? ಬಸ್ಸು ಯಾವ ಕಡಿಂದ ಬಂತು?”

“ಸ್ಟ್ಯಾಂಡಿನಾಗ ನಿಂತಿರ್ತೈತೆ, ಹೋಗಿ ಅದನ್ನ ಕೇಳ್ರಿ,” ಎಂದು ಚಿಲಕ ಹಾಕಿದೆ.

ಸೀದ ಪಾತ್ರೆಯ ಮುಂದೆ ಕುಕ್ಕರಿಸಿ ಮನಸಾರೆ ಅತ್ತುಬಿಟ್ಟೆ. ಆಮೇಲೆ ಪಾತ್ರೆ ತಿಕ್ಕಿದೆ. ಕೈ ನಡುಗಲಿಲ್ಲ.