ಶುಕ್ರವಾರ ಕೆಡವಿ ಕಟ್ಟಿದವರು

ಕಂಪ್ಯೂಟರಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮುಚ್ಚಿದ ಡಬ್ಬಿಯಂತಿರುವ ಬಿಡಿಬಿಡಿ ಕಂಟೇನರ್‌ಗಳಲ್ಲಿ ಓಡುವ ತಂತ್ರಾಂಶಗಳನ್ನು ಒಂದು ಸಂಸಾರದಂತೆ ಕೂಡಿಸಿ ನಡೆಸುವ ವಿದ್ಯೆಯಲ್ಲಿ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ನಮ್ಮೆಲ್ಲರ ದೊಡ್ಡಕ್ಕ, ಅಗ್ರಗಣ್ಯರು. ಇಷ್ಟನ್ನು ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಎಲ್ಲರೂ ಬರೆದಿರುತ್ತಾರೆ. ಬರೆದವರೆಲ್ಲ ನುಂಗಿಕೊಂಡದ್ದನ್ನು ನಾನು ಬರೆಯುತ್ತೇನೆ.

ಹೈಸ್ಕೂಲು ಮುಗಿಸದ ನನ್ನನ್ನು ಸಂದರ್ಶನದಲ್ಲಿ ಉಳಿದವರು ಅಂಕಪಟ್ಟಿ ಕೇಳಿದರೆ, ಅಕ್ಕ ಕೇಳಿದ್ದು ಒಂದೇ: “ಬಿದ್ದಿದ್ದನ್ನ ಎತ್ತಿ ನಿಲ್ಲಿಸೋಕೆ ಬರುತ್ತೇನಪ್ಪ?”

ಆಗ ಟೋಕನ್ ಕೊಡುವುದು, ರೋಗಿಗಳ ವಿವರ ಇಡುವುದು, ಔಷಧಿ ಕೌಂಟರಿಗೆ ಸುದ್ದಿ ಮುಟ್ಟಿಸುವುದು, ಒಂದೊಂದೂ ಒಂದೊಂದು ಕಂಟೇನರ್‌ನಲ್ಲಿ, ಒಬ್ಬೊಬ್ಬರ ಕೈಗುಣದ ಮೇಲೆ ಓಡುತ್ತಿತ್ತು. ಬಿದ್ದರೆ ಎಬ್ಬಿಸುವವನನ್ನು ಹುಡುಕಬೇಕು. ಯಾವುದು ಮೊದಲು ಏಳಬೇಕು, ಯಾವುದು ಯಾವುದರೊಡನೆ ಮಾತಾಡಬೇಕು, ಕಂಟೇನರ್ ಅಳಿದರೂ ರೋಗಿಗಳ ವಿವರ ಎಲ್ಲಿ ಉಳಿಯಬೇಕು ಎಂಬುದನ್ನೆಲ್ಲ ಅಕ್ಕ ಒಂದೇ ಫೈಲಿನಲ್ಲಿ ಬರೆದು, ಒಂದೇ ಆಜ್ಞೆಗೆ ಇಡೀ ಸಂಸಾರ ಎದ್ದು ನಿಲ್ಲುವಂತೆ ಮಾಡಿದರು. ಪ್ರತಿ ಶುಕ್ರವಾರ ಸಂಜೆ, ಹೊರರೋಗಿಗಳು ಹೋದ ಬಳಿಕ, ತಾವಿಲ್ಲದಾಗಲೂ ನಮ್ಮ ಕೈಗೆ ಅಭ್ಯಾಸವಿರಲೆಂದು, ಎಲ್ಲವನ್ನೂ ಕೆಡವಿ ಆ ಫೈಲಿನಿಂದಲೇ ಮತ್ತೆ ಎಬ್ಬಿಸುವ ಪದ್ಧತಿಯನ್ನೂ ತಂದರು. ಕೀಲಿಮಣೆ ನಮ್ಮದು, ಅವರು ಕೈಕಟ್ಟಿ ಕೂರುತ್ತಿದ್ದರು.

ಒಮ್ಮೆ ಆಡಳಿತಾಧಿಕಾರಿಗಳು ಫೈಲನ್ನು ಮುಟ್ಟದೆ, ಓಡುತ್ತಿದ್ದ ಕಂಟೇನರ್‌ನೊಳಗೇ ಕೈಹಾಕಿಸಿ, ಪ್ರತಿ ಟೋಕನ್ ಮೇಲೂ ತಮ್ಮ ಹೆಸರು ಅಚ್ಚಾಗುವಂತೆ ಮಾಡಿಸಿಕೊಂಡರು. ಶುಕ್ರವಾರ ಕೆಡವಿ ಎಬ್ಬಿಸಿದಾಗ ಹೆಸರು ಮಾಯ.

“ನನ್ನ ಹೆಸರನ್ನೇ ಅಳಿಸಿಬಿಟ್ರಲ್ಲ ಮೇಡಂ?”

“ಫೈಲಲ್ಲಿ ಇಲ್ದಿರೋದು ಉಳಿಯಲ್ಲ ಸಾರ್. ಈಗ ಎಲ್ರ ಮುಂದೆ ಬರೆಸ್ಲಾ?”

ಬೇಡವೆಂದರು. ಆದರೆ ಮರೆಯಲಿಲ್ಲ. ಅಕ್ಕನ ನಿವೃತ್ತಿಯ ವಾರವೇ ಆದೇಶ ಬಂತು: ಓಡುತ್ತಿರುವುದನ್ನು ಇನ್ನು ಮೇಲೆ ಯಾರೂ ಕೆಡವಕೂಡದು. ಈ ಸಂಪುಟದಲ್ಲಿ ಹೊಗಳಿರುವ ಮಹನೀಯರಲ್ಲಿ ಒಬ್ಬರೂ ಅಂದು ತುಟಿ ಬಿಚ್ಚಲಿಲ್ಲ. ಬೀಳ್ಕೊಡುಗೆಯಲ್ಲಿ ಅದೇ ಅಧಿಕಾರಿಗಳು ನಗುತ್ತಾ, “ನಿಮ್ಮ ನಂಬರ್ ಕೊಟ್ಟು ಹೋಗಿ ಮೇಡಂ, ಬಿದ್ದಾಗ ಕರೀತೀವಿ” ಅಂದರು. ಸಭೆ ಚಪ್ಪಾಳೆ ತಟ್ಟಿತು. ತಮ್ಮನ್ನು ಯಾರೂ ಕರೆಯುವ ಪ್ರಮೇಯವೇ ಬಾರದಿರಲೆಂದು ಸೇವೆಯನ್ನೆಲ್ಲ ಸವೆಸಿದವರಿಗೆ ಇದು ಸನ್ಮಾನವಂತೆ. ಅಟ್ಟಕ್ಕೇರಿಸಿ ಏಣಿ ತೆಗೆಯುವುದೆಂದರೆ ಇದೇ.

ಅಕ್ಕ ನಂಬರ್ ಕೊಡಲಿಲ್ಲ. “ಫೈಲಿದೆ, ಹುಡುಗರಿದಾರೆ. ಕೆಡವೋದನ್ನ ಮಾತ್ರ ಬಿಡ್ಬೇಡಿ” ಎಂದು ಕೂತರು.

ಅಕ್ಕ, ನೂರ್ಕಾಲ ಸುಖವಾಗಿ ಬಾಳಿ. ಆದೇಶ ಗೋಡೆಯ ಮೇಲಿರಲಿ; ಈ ಶುಕ್ರವಾರ ನಾನು ಕೆಡವುತ್ತೇನೆ, ನಾನೇ ಎಬ್ಬಿಸುತ್ತೇನೆ. ಕೆಲಸ ಹೋದರೆ ಹೋಗಲಿ, ನಿಮ್ಮ ನಿದ್ದೆಗೆ ಮಾತ್ರ ಈ ಆಸ್ಪತ್ರೆಯಿಂದ ಭಂಗ ಬಾರದಿರಲಿ.