ನಾನು ಕಾಣದ ನರಕ

ಸಭೆಯ ಅಕ್ಕತಂಗಿಯರೇ, ನಾನು ಅಜ್ಜಿಯಾದೆ. ನನ್ನ ಮಗಳು ಲಿಡಿಯಾ ಹೆಣ್ಣುಮಗುವನ್ನು ಎತ್ತಿಕೊಂಡು ಇವತ್ತು ಕೀಲ್ಪಾಕಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಈ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ—ಬೆಳಗ್ಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಮಾತಿದೆ. ನರಕ ಕಂಡೆನೆಂದು ನಿಮಗೆಲ್ಲ ಹೇಳಿದೆನಲ್ಲ, ಆ ಕನಸು—ನನಗೆ ಬೀಳಲೇ ಇಲ್ಲ. ಕಟ್ಟಿ ಹೇಳಿದೆ.

ಉಡುಪಿ ಕಡೆಯ ಹಿಂದೂ ಹುಡುಗ, ಹೋಟೆಲಿನ ವಾಸುವನ್ನು ಮದುವೆಯಾಗುತ್ತೇನೆ ಎಂದು ಲಿಡಿಯಾ ಹಟ ಹಿಡಿದಾಗ ಬೈದೆ, ಉಪವಾಸ ಕೂತೆ. ಅವಳು ಬಗ್ಗಲಿಲ್ಲ. ಆಗ ಹೇಳಿದೆ—ಕನಸಲ್ಲಿ ನಿನ್ನ ಅಪ್ಪ ಪರಲೋಕದ ಬಾಗಿಲಲ್ಲಿ ನಿಂತು ಅಳುತ್ತಿದ್ದರು, ಕೆಳಗೆ ಕುದಿಯುವ ಎಣ್ಣೆಯ ಬಾಣಲೆಯ ಪಕ್ಕ ನೀನಿದ್ದೆ, ತೋಳಲ್ಲಿ ಒಂದು ಮಗು... ನನಗೆ ಓದುಬರಹ ಅಷ್ಟಕ್ಕಷ್ಟೆ. ನರಕ ಹೇಗಿರುತ್ತದೆಂದು ಏನು ಗೊತ್ತು? ವಾಸುವಿನ ಹೋಟೆಲಿನ ಹಿಂಬಾಗಿಲಲ್ಲಿ ಇಣುಕಿ ನೋಡಿದ ಅಡುಗೆಮನೆಯನ್ನೇ—ಆ ಹೊಗೆ, ಆ ಬೆಂಕಿ, ಬೆವರುವ ಮೈಗಳು—ಅಲ್ಲಿಗೆ ಸಾಗಿಸಿದೆ. ಸತ್ತ ಗಂಡನ ಕಣ್ಣಲ್ಲಿ ನಾನೇ ನೀರು ತರಿಸಿದೆ.

ಅವಳು ಮದುವೆಯೇನೋ ಆದಳು. ಆದರೆ ಕನಸನ್ನೂ ನಂಬಿಬಿಟ್ಟಳು.

ಇವತ್ತು ಮಧ್ಯಾಹ್ನ ತೊಟ್ಟಿಲ ಬಳಿ ಕೂತವಳು ಕೇಳಿದಳು, "ಅಮ್ಮ, ನಿನ್ನ ಕನಸಲ್ಲಿದ್ದ ಮಗು ಇದೇನಾ? ನಿಜ ಹೇಳು."

"ಕನಸೇ ಬೀಳ್ಲಿಲ್ಲ ಮಗಾ. ಸುಳ್ಳು. ನಾನು ನೋಡಿದ್ದು ವಾಸುವಿನ ಹೋಟೆಲಿನ ಅಡುಗೆಮನೆ."

ಬಾಗಿಲಲ್ಲಿ ನಿಂತಿದ್ದ ವಾಸು ನಕ್ಕುಬಿಟ್ಟ. "ಅತ್ತೆ, ಇದನ್ನು ನಮ್ಮ ಅಡುಗೆ ಭಟ್ರಿಗೆ ಮಾತ್ರ ಹೇಳ್ಬೇಡಿ ಮಾರಾಯ್ರೆ. ನಾಳೆ ಬಜ್ಜಿ ಕರಿಲಿಕ್ಕೆ ಜನ ಇರುವುದಿಲ್ಲ."

ಲಿಡಿಯಾ ನಗಲಿಲ್ಲ. "ಬಸುರಿ ಇದ್ದಾಗ ಒಲೆ ಹಚ್ಲಿಕ್ಕೂ ಹೆದರ್ತಿದ್ದೆ ನಾನು," ಎಂದಳು. ತುಂಬ ಹೊತ್ತು ಅತ್ತಳು. ಆಮೇಲೆ ಅವಳೇ ಎದ್ದು ಮಗುವನ್ನು ನನ್ನ ಮಡಿಲಲ್ಲಿಟ್ಟಳು. "ಇವಳಿಗೆ ಕಥೆ ಹೇಳುವುದಾದ್ರೆ ಪರಲೋಕದ್ದು ಹೇಳು. ಅದನ್ನೂ ನೋಡ್ಲಿಲ್ಲ ಅಂತ ಮೊದ್ಲೇ ಹೇಳಿಬಿಡು."

ನೀವೂ ನನ್ನ ಮಾತು ನಂಬಿ ನಿಮ್ಮ ಹೆಣ್ಣುಮಕ್ಕಳನ್ನು ಹೆದರಿಸಿದ್ದೀರಿ. ಆ ಪಾಪ ನನ್ನದು. ಭಾನುವಾರ ಸಭೆಗೆ ಅವರನ್ನೂ ಕರೆತನ್ನಿ, ಅವರ ಮುಂದೆಯೇ ಎದ್ದುನಿಂತು ಹೇಳುತ್ತೇನೆ.

ಸಂಜೆ ವೆಸ್ಟ್ ಮಾಂಬಲದ ಈ ಪುಟ್ಟ ಮನೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ವಾಸುವಿನ ತಾಯಿ ಬಡಿಸಿದರು. ನನ್ನ ಪ್ರಾರ್ಥನೆ ಮುಗಿಯಲೆಂದು ಯಾರೂ ಎಲೆಗೆ ಕೈಹಾಕದೆ ಕಾದರು. ಮಗು ಅಳತೊಡಗಿತು, ಅರ್ಧಕ್ಕೇ ಆಮೆನ್ ಎಂದೆ. ಲಿಡಿಯಾ ಮಗುವನ್ನು ಎಡಗೈಯಲ್ಲಿ ಅವಚಿಕೊಂಡು, ಅನ್ನ ಕಲಸಿ ಉಂಡು, ಇನ್ನಷ್ಟು ಸಾರು ಕೇಳಿದಳು.